ಹೂತಿಟ್ಟ ತಲಾಂತೇ, ಕಳೆದುಹೋದ ತಲಾಂತೇ?

ಭಾನುವಾರದ ಬಲಿಪೂಜೆ ಮುಗಿದ ಮೇಲೆ ತಂದೆಯೊಬ್ಬರು ನನ್ನ ಬಳಿ ಬಂದು ನೊಂದು ನುಡಿದರು: "ನನ್ನ ಮಗ ತಲಾಂತನ್ನು ಮಣ್ಣಿನಲ್ಲಿ ಹೂತಿಟ್ಟ ಆಳಿನ ಹಾಗೆ ಆಗಿದ್ದಾನೆ ಫಾದರ್. ಪಿ.ಯು.ಸಿ.ಯಲ್ಲಿ ಎಷ್ಟು ಚೆನ್ನಾಗಿ ಓದುತ್ತಿದ್ದ! ಈಗ ಅಂಗಡಿಯಿಂದ ಮೂರು ಸಾಮಾನು ತಾ ಎಂದರೆ ಒಂದನ್ನು ತರುತ್ತಾನೆ. ಅವನ ಸೋಮಾರಿತನ ಹೋಗಲೆಂದು ಪ್ರಾರ್ಥಿಸಿ." ಆ ಯುವಕ ಎರಡು ವರ್ಷಗಳಿಂದ ಚಿತ್ತವಿಕಲತೆಗೆ ಚಿಕಿತ್ಸೆ ಪಡೆಯುತ್ತಿದ್ದ. ಅವನಿಗೆ ಕೇಳಿಸುತ್ತಿದ್ದ ಇಲ್ಲದ ದನಿಗಳು ಔಷಧಿಯಿಂದ ನಿಂತಿದ್ದವು. ಆದ್ದರಿಂದ ರೋಗ ವಾಸಿಯಾಗಿದೆ, ಉಳಿದಿರುವುದು ಸೋಮಾರಿತನ ಮಾತ್ರ ಎಂಬುದು ತಂದೆಯ ತೀರ್ಮಾನವಾಗಿತ್ತು.

ಸ್ವಲ್ಪ ಕಾಲದ ನಂತರ ಇನ್ನೊಂದು ಕುಟುಂಬದ ಸಂಕಟ ನನ್ನೆದುರು ಬಂದಿತು. ಮದುವೆಯಾಗಿ ಏಳೆಂಟು ವರ್ಷ ಸಂಸಾರ ನಡೆಸಿದ್ದ ಮಹಿಳೆಗೆ ಮೂವತ್ತು ದಾಟಿದ ಮೇಲೆ ಅದೇ ಕಾಯಿಲೆ ಕಾಣಿಸಿಕೊಂಡಿತ್ತು. ಗಂಡನ ಮನೆಯವರ ದೂರು ಹೀಗಿತ್ತು: "ಮಾತಿನಲ್ಲಿ ಏನೂ ಕೊರತೆಯಿಲ್ಲ ಫಾದರ್. ಆದರೆ ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾಳೆ, ಹಾಲು ಉಕ್ಕಿ ಹೋದರೂ ನೋಡುವುದಿಲ್ಲ. ಬೇಕೆಂದೇ ಮಾಡುತ್ತಾಳೆ." ಆಕೆಯನ್ನು ತವರಿಗೆ ಕಳುಹಿಸಲಾಯಿತು.

ಈ ಎರಡು ಮನೆಗಳು ನಮ್ಮ ಮುಂದೆ ಒಂದು ನೈತಿಕ ಪ್ರಶ್ನೆಯನ್ನಿಡುತ್ತವೆ. ಒಬ್ಬ ವ್ಯಕ್ತಿ ಮಾಡಬೇಕಾದುದನ್ನು ಮಾಡದಿದ್ದಾಗ ಅದು ಯಾವಾಗ ತಪ್ಪು, ಯಾವಾಗ ನಷ್ಟ? ಆ ತೀರ್ಪನ್ನು ನೀಡುವಾಗ ನಾವು ಗಂಡಿಗೊಂದು, ಹೆಣ್ಣಿಗೊಂದು ಅಳತೆಗೋಲನ್ನು ಹಿಡಿಯುತ್ತೇವೆಯೇ?

ಮೊದಲು ಕಾಯಿಲೆಯನ್ನು ಅರಿಯೋಣ. ಚಿತ್ತವಿಕಲತೆಗಳಲ್ಲಿ ಪ್ರಮುಖವಾದುದು ಸ್ಕಿಜೋಫ್ರೇನಿಯಾ. 19ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ವೈದ್ಯ ಎಮಿಲ್ ಕ್ರೆಪೆಲಿನ್ ಇದಕ್ಕೆ 'ಅಕಾಲದ ಬುದ್ಧಿಕ್ಷಯ' ಎಂಬರ್ಥದ ಹೆಸರನ್ನು ಬಳಸಿದರು. ಎಲ್ಲ ರೋಗಿಗಳ ಬುದ್ಧಿಯೂ ಕ್ಷಯಿಸುತ್ತಾ ಹೋಗುವುದಿಲ್ಲವೆಂದು ಕಂಡ ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್ 1908ರಲ್ಲಿ ಈಗಿನ ಹೆಸರನ್ನು ನೀಡಿದರು. ಹೆಸರು ಬದಲಾದರೂ ಕ್ರೆಪೆಲಿನ್ ಗಮನಿಸಿದ ಸಂಗತಿಯಲ್ಲಿ ಸತ್ಯಾಂಶವಿತ್ತು. ಈ ಕಾಯಿಲೆಯು ಭ್ರಮೆ, ಸಂಶಯಗಳನ್ನು ತರುವುದರ ಜೊತೆಗೆ ಗಮನ, ನೆನಪು, ಯೋಚನೆಯ ವೇಗ, ಕೆಲಸವನ್ನು ಕ್ರಮವಾಗಿ ಯೋಜಿಸುವ ಶಕ್ತಿ ಇವುಗಳನ್ನೂ ಅನೇಕರಲ್ಲಿ ಕುಗ್ಗಿಸುತ್ತದೆ. ಹಲವೊಮ್ಮೆ ದನಿಗಳು ಕೇಳಿಸುವ ಮೊದಲೇ ಈ ಕುಗ್ಗುವಿಕೆ ಆರಂಭವಾಗಿರುತ್ತದೆ. ನಮ್ಮ ಔಷಧಿಗಳು ಭ್ರಮೆಗಳನ್ನು ತಣಿಸುವಷ್ಟು ಚೆನ್ನಾಗಿ ಈ ಶಕ್ತಿಗಳನ್ನು ಮರಳಿಸಲಾರವು. ಮೂರು ಸಾಮಾನಿನಲ್ಲಿ ಎರಡನ್ನು ಮರೆತ ಯುವಕನ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ.

ಗಂಡು ಹೆಣ್ಣುಗಳ ನಡುವೆ ವ್ಯತ್ಯಾಸವೂ ಉಂಟು. ಪುರುಷರಲ್ಲಿ ಕಾಯಿಲೆ ಸಾಮಾನ್ಯವಾಗಿ ಹದಿಹರೆಯದ ಕೊನೆಯಿಂದ ಇಪ್ಪತ್ತರ ನಡುವಯಸ್ಸಿನೊಳಗೆ ತಲೆದೋರುತ್ತದೆ. ಮಹಿಳೆಯರಲ್ಲಿ ಸರಾಸರಿ ಕೆಲವು ವರ್ಷ ತಡವಾಗಿ. ನಲವತ್ತೈದರ ಆಸುಪಾಸಿನಲ್ಲಿ ಮಹಿಳೆಯರಲ್ಲಿ ಇನ್ನೊಂದು ಸಣ್ಣ ಏರಿಕೆ ಕಾಣುತ್ತದೆ. ಸ್ತ್ರೀದೇಹದ ಈಸ್ಟ್ರೋಜನ್ ಹಾರ್ಮೋನು ಒಂದಿಷ್ಟು ರಕ್ಷಣೆ ನೀಡುತ್ತಿರಬಹುದೆಂದು ಜರ್ಮನಿಯ ಮ್ಯಾನ್‌ಹೈಮ್ ನಗರದ ಹೈನ್ಜ್ ಹೆಫ್ನರ್ ಮತ್ತು ಸಂಗಡಿಗರು ವಾದಿಸಿದರು. ತಡವಾಗಿ ಬಂದ ಕಾಯಿಲೆ ಓದನ್ನು ಮುಗಿಸಲು, ಕೆಲಸ ಕಲಿಯಲು ಕಾಲಾವಕಾಶ ಕೊಟ್ಟಿರುತ್ತದೆ. ಹಾಗೆಯೇ ಕೇಳಿದ ಮಾತನ್ನು ನೆನಪಿಟ್ಟುಕೊಳ್ಳುವುದರಲ್ಲಿ ಆರೋಗ್ಯವಂತ ಮಹಿಳೆಯರು ಸರಾಸರಿಯಲ್ಲಿ ಪುರುಷರಿಗಿಂತ ತುಸು ಮುಂದಿದ್ದಾರೆ. ಕಾಯಿಲೆ ಬಂದ ಮೇಲೂ ಈ ಅನುಕೂಲ ಸ್ವಲ್ಪಮಟ್ಟಿಗೆ ಉಳಿಯುತ್ತದೆಂದು ಹಲವು ಅಧ್ಯಯನಗಳು ಹೇಳುತ್ತವೆ. ಬೇರೆ ಕೆಲವು ಅಧ್ಯಯನಗಳಿಗೆ ಅಂತಹ ವ್ಯತ್ಯಾಸ ಕಂಡಿಲ್ಲ. ಏನೇ ಇರಲಿ, ವ್ಯತ್ಯಾಸ ಚಿಕ್ಕದು. ಒಬ್ಬ ರೋಗಿಗೂ ಇನ್ನೊಬ್ಬ ರೋಗಿಗೂ ಇರುವ ಅಂತರ ಅದಕ್ಕಿಂತ ಎಷ್ಟೋ ದೊಡ್ಡದು. ಸರಾಸರಿಯು ಸಂಶೋಧಕರಿಗೆ ಉಪಯುಕ್ತವಾದೀತು. ನಮ್ಮ ಮನೆಯ ಊಟದ ಮೇಜಿಗೆ ಬಂದು ಕೂರುವುದು ಸರಾಸರಿಯಲ್ಲ, ಒಬ್ಬ ಮಗ ಅಥವಾ ಒಬ್ಬ ಮಗಳು.

ನಾವು ಎಡವುವುದು ಇಲ್ಲಿಯೇ. ಅಡುಗೆಮನೆಯ ಕೆಲಸವನ್ನೇ ಯೋಚಿಸಿ ನೋಡಿ. ಒಂದು ಒಲೆಯ ಮೇಲೆ ಅನ್ನ, ಇನ್ನೊಂದರ ಮೇಲೆ ಸಾರು, ನಡುವೆ ಮಗುವಿನ ಶಾಲೆಯ ಡಬ್ಬಿ, ಬಾಗಿಲಲ್ಲಿ ಹಾಲಿನವನು. ಏಕಕಾಲದಲ್ಲಿ ನಾಲ್ಕು ಸಂಗತಿಗಳನ್ನು ಮನಸ್ಸಿನಲ್ಲಿ ಹಿಡಿದು, ಯಾವುದು ಮೊದಲು, ಯಾವುದು ನಂತರ ಎಂದು ನಿರ್ಧರಿಸುವುದು ಬುದ್ಧಿಯ ಅತ್ಯಂತ ಕಠಿಣ ಕೆಲಸಗಳಲ್ಲಿ ಒಂದು. ಕಾಯಿಲೆ ಕುಗ್ಗಿಸುವುದು ಇದೇ ಶಕ್ತಿಯನ್ನು. ಆದರೆ ಅದು ಹೆಣ್ಣಿನ 'ಸಹಜ' ಕೆಲಸವೆಂದು ಭಾವಿಸುವ ನಾವು, ಅಲ್ಲಿನ ಸೋಲನ್ನು ರೋಗಲಕ್ಷಣವೆಂದು ಕಾಣದೆ ಹಟವೆಂದು ಕರೆಯುತ್ತೇವೆ. ಆಕೆಯ ಮಾತು ಸ್ಪಷ್ಟವಾಗಿದ್ದರೆ ಅದೇ ಆಕೆಯ ವಿರುದ್ಧ ಸಾಕ್ಷಿಯಾಗುತ್ತದೆ. ಗಂಡಾದರೆ ಸಂಪಾದನೆಯೊಂದೇ ಅಳತೆ. ಅವನ ಮೌನ ಅಹಂಕಾರವಾಗಿ, ನಿಧಾನ ಮೈಗಳ್ಳತನವಾಗಿ ಕಾಣುತ್ತದೆ.

ಮದುವೆಯ ವಿಷಯದಲ್ಲಂತೂ ನಮ್ಮ ಇಬ್ಬಂದಿತನ ಬಯಲಾಗುತ್ತದೆ. ಮಗನಿಗೆ ಕಾಯಿಲೆಯಿದ್ದರೆ 'ಒಂದು ಮದುವೆ ಮಾಡಿದರೆ ಸರಿಹೋಗುತ್ತಾನೆ' ಎನ್ನುತ್ತೇವೆ. ಸೊಸೆಗೆ ಕಾಯಿಲೆ ಬಂದರೆ ತವರಿಗೆ ಕಳುಹಿಸುತ್ತೇವೆ. ಚೆನ್ನೈಯ ಸ್ಕಾರ್ಫ್ ಸಂಸ್ಥೆಯ ಡಾ. ಆರ್. ತಾರಾ ಮತ್ತು ಸಂಗಡಿಗರು ಸ್ಕಿಜೋಫ್ರೇನಿಯಾದಿಂದಾಗಿ ದಾಂಪತ್ಯ ಮುರಿದುಬಿದ್ದ ಮಹಿಳೆಯರನ್ನು ಕುರಿತು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಯಸ್ಸಾದ ಹೆತ್ತವರೇ ಅವರಿಗೆ ಆಸರೆಯಾಗಿದ್ದುದು ಕಂಡುಬಂದಿತು. 'ನಮ್ಮ ಕಾಲಾನಂತರ ಯಾರು?' ಎಂಬುದೇ ಆ ಹೆತ್ತವರ ಕೊರಗು. ಧರ್ಮಸಭೆಯ ನಿಲುವು ಇಲ್ಲಿ ಸ್ಪಷ್ಟವಾಗಿದೆ. ವಿವಾಹದ ಒಪ್ಪಿಗೆ ನೀಡುವ ಗಳಿಗೆಯಲ್ಲಿ ಅದಕ್ಕೆ ಬೇಕಾದ ಮಾನಸಿಕ ಸಾಮರ್ಥ್ಯವಿತ್ತೇ ಎಂಬುದನ್ನು 1983ರ ಕಾನೂನು ಸಂಹಿತೆಯ 1095ನೆಯ ನಿಯಮ ವಿಚಾರಿಸುತ್ತದೆ. ವರ್ಷಗಳ ನಂತರ ಬಂದ ಕಾಯಿಲೆ ಬಂಧವನ್ನು ಬಿಡಿಸದು. ದಾಂಪತ್ಯವನ್ನು ತೀವ್ರವಾಗಿ ಕದಡಬಲ್ಲ ಸಂಗತಿಯನ್ನು ಮುಚ್ಚಿಟ್ಟು, ಮೋಸದಿಂದ ಒಪ್ಪಿಗೆ ಪಡೆದರೆ ವಿವಾಹವೇ ಅಸಿಂಧುವಾಗಬಹುದೆಂದು 1098ನೆಯ ನಿಯಮ ಎಚ್ಚರಿಸುತ್ತದೆ. ಮದುವೆ ಔಷಧಿಯಲ್ಲ, ಸೊಸೆ ದಾದಿಯೂ ಅಲ್ಲ.

ಇನ್ನು ಆ ತಂದೆಯ ತಲಾಂತಿನ ಮಾತಿಗೆ ಬರೋಣ. ಸಂತ ಮತ್ತಾಯನ ಶುಭಸಂದೇಶದ ಆ ಸಾಮತಿಯಲ್ಲಿ ಗದರಿಕೆಗೆ ಗುರಿಯಾದವನು ಕೈಯಲ್ಲಿದ್ದುದನ್ನು ತಾನಾಗಿ ಹೂತಿಟ್ಟವನು. ದಾರಿಯಲ್ಲಿ ಕಳ್ಳರು ಕಿತ್ತುಕೊಂಡ ಆಳಿನ ಕಥೆ ಅದಲ್ಲ. ಮಾನಸಿಕ ಕಾರಣಗಳು ಒಂದು ಕೃತ್ಯದ ಹೊಣೆಯನ್ನು ತಗ್ಗಿಸಬಲ್ಲವು, ಇಲ್ಲವಾಗಿಸಲೂಬಲ್ಲವು ಎಂದು ನಮ್ಮ ಧರ್ಮೋಪದೇಶವೇ ಕಲಿಸುತ್ತದೆ. ಇನ್ನೊಂದು ಸೂಕ್ಷ್ಮವನ್ನು ಗಮನಿಸಿ: ಐದು ತಲಾಂತಿನವನಿಗೂ ಎರಡು ತಲಾಂತಿನವನಿಗೂ ಧಣಿ ನೀಡಿದ ಮೆಚ್ಚುಗೆ ಒಂದೇ. ಉಳಿದಿರುವ ಎರಡರಿಂದ ಒಬ್ಬನು ಏನು ಮಾಡಿದನೆಂಬುದು ಮುಖ್ಯ. ಕಳೆದುಹೋದ ಮೂರನ್ನು ಅವನಿಂದ ಕೇಳುವುದು ನ್ಯಾಯವಲ್ಲ.

ಆದರೆ ಉಳಿದಿರುವುದನ್ನು ಕೇಳದೇ ಬಿಡುವುದೂ ಅನ್ಯಾಯವೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಕಾಯಿಲೆಯಿದೆ ಎಂಬ ಮಾತ್ರಕ್ಕೆ ಒಬ್ಬರು ತಮ್ಮ ಚಿಕಿತ್ಸೆಯನ್ನು ನಿರ್ಧರಿಸಲಾರರು ಎಂದು ಊಹಿಸುವಂತಿಲ್ಲ. ನೆನಪು, ಗಮನಗಳನ್ನು ಅಭ್ಯಾಸದಿಂದ ಒಂದಿಷ್ಟು ಬಲಪಡಿಸಬಹುದು; ನಿಜವಾದ ಕೆಲಸವೊಂದು ಜೊತೆಗಿದ್ದರೆ ಪ್ರಯೋಜನ ಹೆಚ್ಚು. ದಾರಿ ತೋಚದವರು ಸರ್ಕಾರದ ಟೆಲಿ ಮನಸ್ ಸಂಖ್ಯೆ 14416ಕ್ಕೆ ಕನ್ನಡದಲ್ಲಿಯೇ ಕರೆಮಾಡಬಹುದು.

ಸೋಮಾರಿತನಕ್ಕೆ ಪ್ರಾರ್ಥನೆ ಕೇಳಿದ ತಂದೆಗೆ ನಾನು ಹೇಳಿದ್ದು ಇಷ್ಟೇ: "ಮೂರು ಸಾಮಾನನ್ನು ಚೀಟಿಯಲ್ಲಿ ಬರೆದುಕೊಡಿ." ಈಗ ಮಗ ಮೂರನ್ನೂ ತರುತ್ತಾನೆ. ಕೆಲವೊಮ್ಮೆ ಚೀಟಿಯನ್ನೇ ಮರೆಯುತ್ತಾನೆ. ತಂದೆ ಮೊದಲಿನಂತೆ ಗದರುವುದಿಲ್ಲ.

ತವರಿಗೆ ಮರಳಿದ ಆ ಮಹಿಳೆಯ ಕಥೆಗೆ ಅಂತಹ ಮುಕ್ತಾಯ ಇನ್ನೂ ದೊರೆತಿಲ್ಲ. ಪ್ರತಿ ಭಾನುವಾರ ತಾಯಿಯೊಡನೆ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಾಳೆ. ಪೂಜೆ ಮುಗಿದ ಮೇಲೆ ಜನರು ಆಕೆಯ ತಾಯಿಯನ್ನು ಕೇಳುತ್ತಾರೆ, "ಮಗಳು ಹೇಗಿದ್ದಾಳೆ?" ಮಗಳು ಪಕ್ಕದಲ್ಲಿಯೇ ನಿಂತಿರುತ್ತಾಳೆ. ಪ್ರಿಯ ಓದುಗರೇ, ನಿಮ್ಮ ಧರ್ಮಕೇಂದ್ರದಲ್ಲಿಯೂ ಅಂತಹ ಒಬ್ಬಳಿರಬಹುದು. ಮುಂದಿನ ಭಾನುವಾರ ಅವಳನ್ನೇ ಕೇಳಿ. ಉತ್ತರ ತುಸು ತಡವಾಗಿ ಬಂದರೆ, ಕಾಯಿರಿ.