ವೈರಾಗ್ಯವೋ, ರೋಗವೋ?

ಪಾರ್ಕಿನ್ಸನ್ ಕಾಯಿಲೆ ಇದ್ದವರ ಕೈನಡುಕ ಎಲ್ಲರ ಕಣ್ಣಿಗೂ ಬೀಳುತ್ತದೆ. ಒಳಗೆ ಕಳೆದುಹೋದದ್ದು ಯಾರಿಗೂ ಕಾಣುವುದಿಲ್ಲ. 1817ರಲ್ಲಿ ಈ ರೋಗವನ್ನು ವಿವರಿಸಿ ಬರೆದ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಕೂಡ ಇಂದ್ರಿಯಗಳಿಗೂ ಬುದ್ಧಿಗೂ ಧಕ್ಕೆಯಾಗದು ಎಂದೇ ತಿಳಿದಿದ್ದರು.

ನಮ್ಮಪ್ಪ ಸಾಣೆಕಲ್ಲಿನ ಮೇಲೆ ಗಂಧ ತೇಯುತ್ತಾ, ‘ಈ ಕೊರಡಿಗೆ ವಾಸನೆಯೇ ಇಲ್ವಲ್ಲೇ’ ಅನ್ನುತ್ತಿದ್ದರು. ದೇವರ ಮನೆಯಿಂದ ನಡುಮನೆಯವರೆಗೂ ಘಮ ಹಬ್ಬಿರುತ್ತಿತ್ತು. ಕೈ ನಡುಗತೊಡಗಿದ್ದು ಎಷ್ಟೋ ವರ್ಷಗಳ ಮೇಲೆ. ಆಮೇಲೆ ಒಂದೊಂದೇ ನಿಂತವು: ಪೂಜೆ, ಪಂಚಾಂಗ, ಸಂಜೆಯ ಪಾರಾಯಣ. ಮೊಮ್ಮಗಳ ಮದುವೆ ನಿಶ್ಚಯವಾಯಿತೆಂದರೂ ಬರೀ ‘ಹೂಂ’. ‘ಪುಣ್ಯವಂತರು, ಎಲ್ಲ ಮೋಹ ಬಿಟ್ಟಿದ್ದಾರೆ’ ಎಂದು ಕೆಲವು ನೆಂಟರು ಕೈಮುಗಿದರು. ‘ಸೋಮಾರಿಯಾಗಿಬಿಟ್ಟರು’ ಎಂದವರೂ ಉಂಟು.

ನರರೋಗ ತಜ್ಞರು ಒಂದು ಪ್ರಶ್ನಾವಳಿ ಕೊಟ್ಟರು. 30 ಪ್ರಶ್ನೆ, ಹೌದು ಅಥವಾ ಇಲ್ಲ ಎಂದರೆ ಸಾಕು. ವಾಸನೆ, ರುಚಿ ತಿಳಿಯುತ್ತದೆಯೇ? ಮಲಬದ್ಧತೆ ಇದೆಯೇ? ಎದ್ದು ನಿಂತಾಗ ತಲೆ ಸುತ್ತುತ್ತದೆಯೇ? ನಿದ್ದೆಯಲ್ಲಿ ಮಾತಾಡಿ ಕೈಕಾಲು ಆಡಿಸುತ್ತೀರಾ? ಸುತ್ತ ನಡೆಯುವುದರಲ್ಲಿ ಆಸಕ್ತಿ ಹೋಗಿದೆಯೇ? ಈ ಕೊನೆಯದಕ್ಕೆ ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ‘ಹೌದು’ ಅಂದರು.

ವೇದಾಂತದಲ್ಲಿ ವೈರಾಗ್ಯ ಒಂಟಿಯಾಗಿ ಬರುವುದಿಲ್ಲ. ವಿವೇಕ, ವೈರಾಗ್ಯ, ಶಮಾದಿ ಷಟ್ಸಂಪತ್ತಿ, ಮುಮುಕ್ಷುತ್ವ ಈ ನಾಲ್ಕೂ ಸೇರಿ ಸಾಧನ ಚತುಷ್ಟಯ. ವಿರಕ್ತನಿಗೆ ತಾನು ಏನನ್ನು ಬಿಡುತ್ತಿದ್ದೇನೆ, ಏಕೆ ಬಿಡುತ್ತಿದ್ದೇನೆ ಎಂಬ ಅರಿವಿರುತ್ತದೆ. ಬಿಡುಗಡೆಗಾಗಿ ತೀವ್ರ ಹಂಬಲವಿರುತ್ತದೆ. ಅಪ್ಪನಲ್ಲಿ ಹಂಬಲದ ಸೆಲೆಯೇ ಬತ್ತುತ್ತಿತ್ತು. ಮಿದುಳಿನಲ್ಲಿ ಡೋಪಮಿನ್ ಕಡಿಮೆಯಾದರೆ ನಡಿಗೆ ನಿಧಾನವಾಗುವುದಷ್ಟೇ ಅಲ್ಲ, ಒಂದು ಕೆಲಸಕ್ಕೆ ಮನಸ್ಸು ಏಳುವುದೂ ಕಷ್ಟ. ಬಯಕೆಯನ್ನು ಗೆಲ್ಲುವುದು ಬೇರೆ, ಬಯಸುವ ತ್ರಾಣವೇ ಉಡುಗುವುದು ಬೇರೆ.

ಹಾಗಾದರೆ ಅಪ್ಪನ ಭಕ್ತಿಯೂ ಮಿದುಳಿನ ರಸಾಯನವಷ್ಟೇ ಆಗಿತ್ತೇ? ನಾನು ಒಪ್ಪುವುದಿಲ್ಲ. ವೀಣೆಯ ತಂತಿ ಸಡಿಲಾದರೆ ವೈಣಿಕನ ವಿದ್ಯೆ ಸುಳ್ಳಾಗುವುದಿಲ್ಲ. ದೇಹವಿಲ್ಲದೆ ಪೂಜೆಯಿಲ್ಲ, ನಿಜ. ಆದರೆ ದೇಹ ಸೋತದ್ದನ್ನು ಶ್ರದ್ಧೆ ಸೋತದ್ದೆಂದು ಎಣಿಸುವುದು ಅನ್ಯಾಯ.

ಆದ್ದರಿಂದ ಕೇಳಬೇಕು. ನಿದ್ದೆ, ಹೊಟ್ಟೆ, ಬೇಸರ, ಭ್ರಮೆ ಎಲ್ಲವನ್ನೂ ಹೆಸರಿಟ್ಟು ಕೇಳಬೇಕು, ವೈದ್ಯರಿಗೆ ಹೇಳಬೇಕು. ಎಷ್ಟೋ ತೊಂದರೆಗಳಿಗೆ ಪರಿಹಾರ ಇದ್ದೇ ಇದೆ. ರೋಗವನ್ನು ವೈರಾಗ್ಯವೆಂದು ಪೂಜಿಸಿದರೆ ಚಿಕಿತ್ಸೆ ತಪ್ಪುತ್ತದೆ, ಸೋಮಾರಿತನವೆಂದು ಜರೆದರೆ ರೋಗಿ ಒಂಟಿಯಾಗುತ್ತಾನೆ. ಎರಡನ್ನೂ ಬಿಟ್ಟು, ಪಕ್ಕದಲ್ಲಿ ಕೂತು ಕೇಳಿ ತಿಳಿಯುವುದೇ ಮಕ್ಕಳ ಧರ್ಮ.