ಬಿರಡೆ ಬಿಗಿಯುವ ಮುಂಚೆ

ಮಳವಳ್ಳಿ ತಾಲ್ಲೂಕಿನ ನಮ್ಮೂರಲ್ಲಿ ಒಬ್ಬ ಹುಡುಗನಿಗೆ ಈಜು ಬಂತು ಎಂದು ಒಪ್ಪಿಕೊಳ್ಳಬೇಕಾದರೆ ಅವನು ಬಾವಿಯ ತಳದಿಂದ ಒಂದು ಹಿಡಿ ಮಣ್ಣು ತರಬೇಕಿತ್ತು. ಬೆಂಡು ಕಟ್ಟಿಕೊಂಡು ಕಲಿತದ್ದು, ಕಟ್ಟೆ ಮೇಲಿಂದ ಧುಮುಕಿದ್ದು ಯಾವುದೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ತೋಟದ ಬಾವಿಯಲ್ಲಿ ಆಗ ಇಪ್ಪತ್ತು, ಇಪ್ಪತ್ತೈದು ಅಡಿ ನೀರು. ಐದಾರು ಅಡಿ ಇಳಿಯುವಷ್ಟರಲ್ಲಿ ಎರಡೂ ಕಿವಿಗೆ ಯಾರೋ ಹೆಬ್ಬೆರಳಿಟ್ಟು ಅದುಮಿದ ಹಾಗಾಗುತ್ತಿತ್ತು. ಇನ್ನೂ ಇಳಿದರೆ ಸೂಜಿ. ದೊಡ್ಡ ಹುಡುಗರು ಹೇಳಿಕೊಟ್ಟಿದ್ದು ಒಂದೇ ಮಾತು: "ತಡ್ಕೊಂಡು ಹೋಗ್ಲಾ, ತಳ ಸಿಕ್ತದೆ." ತಡೆದುಕೊಂಡೆ, ಮಣ್ಣು ತಂದೆ. ಆಮೇಲೆ ಎರಡು ದಿನ ಕಿವಿ ಗುಂಯ್‌ಗುಟ್ಟಿದ್ದನ್ನು ಯಾರಿಗೂ ಹೇಳಲಿಲ್ಲ.

ದೊಡ್ಡಪ್ಪ ಒಬ್ಬರು ಬೇರೆ ಥರ ಇಳಿಯುತ್ತಿದ್ದರು. ಬಾವಿಗೆ ಬಿದ್ದ ಬಿಂದಿಗೆ ಪಾತಾಳಗರಡಿಗೆ ಸಿಗದಿದ್ದಾಗ ಜನ ಅವರನ್ನು ಕರೆಯುತ್ತಿದ್ದರು. ಧುಮುಕುತ್ತಲೇ ಇರಲಿಲ್ಲ. ಹಗ್ಗ ಹಿಡಿದು, ಕಾಲು ಮುಂದು ಮಾಡಿ, ಮೊಳ ಮೊಳ ಅಳೆದ ಹಾಗೆ ಇಳಿಯುತ್ತಿದ್ದರು. "ಎಂಜ್ಲು ನುಂಗ್ಕೊಂಡು ನುಂಗ್ಕೊಂಡು ಹೋಗ್ಬೇಕು. ಕಿವಿ ನೋಯೋಗಂಟ ಕಾಯಬಾರ್ದು ಕಣ್ಲಾ" ಅನ್ನುತ್ತಿದ್ದರು. ವಯಸ್ಸಾದವರ ನಿಧಾನ ಅಂದುಕೊಂಡು ಆ ಮಾತನ್ನು ಅಲ್ಲೇ ಬಿಟ್ಟಿದ್ದೆ. ಮುತ್ತತ್ತಿ ನಮ್ಮ ತಾಲ್ಲೂಕಿನದೇ. ಕಾವೇರಿಗೆ ಬಿದ್ದ ಸೀತಮ್ಮನ ಮೂಗುತಿಯ ಮುತ್ತನ್ನು ಹನುಮಂತ ಎತ್ತಿಕೊಟ್ಟ ಜಾಗ. ಅಲ್ಲಿನ ಮುತ್ತುರಾಯಸ್ವಾಮಿಗೆ ಕೈಮುಗಿದು ಬೆಳೆದ ಹುಡುಗರಿಗೆ ನೀರಿನ ತಳ ಮುಟ್ಟುವುದು ಪೌರುಷದ ಮಾತಾಗಿತ್ತು. ನಿಧಾನಕ್ಕೆ ಅದರಲ್ಲಿ ಜಾಗವಿರಲಿಲ್ಲ.

ಮೂವತ್ತು ವರ್ಷ ಆದ ಮೇಲೆ ಅದೇ ಪೌರುಷವನ್ನು ಹೊತ್ತುಕೊಂಡು ಮುರುಡೇಶ್ವರಕ್ಕೆ ಹೋದೆ. 2022ರಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ 'ಗಂಧದಗುಡಿ'ಯಲ್ಲಿ ನೇತ್ರಾಣಿಯ ಕಡಲೊಳಗಿನ ಲೋಕ ನೋಡಿದಾಗಿನಿಂದ ಮನಸ್ಸು ಅಲ್ಲಿಗೇ ಎಳೆಯುತ್ತಿತ್ತು. ನೇತ್ರಾಣಿ ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದ, ಜನವಸತಿ ಇಲ್ಲದ ದ್ವೀಪ. ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ, ನಾನು ಹೋಗಿದ್ದು ಜನವರಿಯಲ್ಲಿ. ಸ್ಕೂಬಾ ಡೈವಿಂಗ್ ಕಲಿಸುವ ಹುಡುಗ ಮೊದಲು ಕೇಳಿದ್ದೇ "ನೆಗಡಿ ಇದೆಯಾ ಸಾರ್?" ಎಂದು. ಇತ್ತು. ಹಿಂದಿನ ರಾತ್ರಿ ಬಸ್ಸಿನಲ್ಲಿ ಮೂಗು ಕಟ್ಟಿ ನಿದ್ದೆಯೇ ಬಂದಿರಲಿಲ್ಲ. ದುಡ್ಡು ಕಟ್ಟಿದ್ದೆ, ರಜೆ ಹಾಕಿದ್ದೆ. ಇಲ್ಲ ಅಂದೆ.

ಆ ಸುಳ್ಳಿಗೆ ಎಂಟೇ ಅಡಿಯಲ್ಲಿ ಲೆಕ್ಕ ಚುಕ್ತಾ ಆಯಿತು. ಬಲಗಿವಿ ಬಿಟ್ಟುಕೊಂಡಿತು, ಎಡಗಿವಿ ಬಿಡಲಿಲ್ಲ. ಕೈ ಅಡ್ಡಡ್ಡ ಅಲ್ಲಾಡಿಸಿ ಕಿವಿ ತೋರಿಸಬೇಕು ಎಂದು ದೋಣಿಯಲ್ಲೇ ಹೇಳಿಕೊಟ್ಟಿದ್ದರು. ನಾನು ತೋರಿಸಿದ್ದು ಎಲ್ಲ ಸರಿ ಇದೆ ಅನ್ನುವ ಸನ್ನೆ. ಮೂಗು ಹಿಡಿದು ಬಲವಾಗಿ ಊದಿದೆ, ಮತ್ತೆ ಊದಿದೆ. ಪಕ್ಕದಲ್ಲಿ ಹಳದಿ ಪಟ್ಟೆಯ ಮೀನುಗಳು ಸಾಲಾಗಿ ಹೋಗುತ್ತಿದ್ದವು. ನನ್ನ ಗಮನವೆಲ್ಲ ತಲೆಯ ಒಂದು ಮೂಲೆಯಲ್ಲಿತ್ತು.

ಮೇಲೆ ಬಂದ ಮೇಲೆ ನೋವು ತಗ್ಗಿತು, ಕಿವಿ ಮಾತ್ರ ಮುಚ್ಚೇ ಇತ್ತು. ನನ್ನ ಮಾತು ನನಗೇ ಮಡಕೆಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಕಡಲ ನೀರು ಹೊಕ್ಕಿದೆ ಅಂದುಕೊಂಡು ಒಂಟಿ ಕಾಲಲ್ಲಿ ಕುಣಿದೆ, ತಲೆ ಓರೆ ಮಾಡಿ ತಟ್ಟಿದೆ. ಊರಿಗೆ ಬಂದರೆ ಅವ್ವ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಹಿಡಿದು ನಿಂತಿದ್ದಳು. ಕಿವಿಗೆ ಬಿಡಿಸಿಕೊಳ್ಳಲಿಲ್ಲ.

ಮಂಡ್ಯದ ಕಿವಿ ಡಾಕ್ಟರು ದೀಪ ಹಿಡಿದು ನೋಡಿ ಹೇಳಿದ್ದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. "ಒಳಗೆ ನೀರಿದೆ. ಆದರೆ ಸಮುದ್ರದ್ದಲ್ಲ, ನಿಮ್ಮದೇ."

ಕಿವಿತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆ ಇದೆ. ಅದರಿಂದ ಮೂಗಿನ ಹಿಂಭಾಗಕ್ಕೆ ಮೂರೂವರೆ ಸೆಂಟಿಮೀಟರಿನಷ್ಟು ಉದ್ದದ ನಾಳ. ಹದಿನಾರನೆಯ ಶತಮಾನದ ಇಟಲಿಯ ವೈದ್ಯ ಯುಸ್ಟಾಕಿಯ ಹೆಸರಿನಲ್ಲಿ ಅದನ್ನು ಯುಸ್ಟೇಶಿಯನ್ ನಾಳ ಅನ್ನುತ್ತಾರೆ. ಸಾಧಾರಣವಾಗಿ ಮುಚ್ಚಿರುತ್ತದೆ. ಎಂಜಲು ನುಂಗಿದಾಗ, ಆಕಳಿಸಿದಾಗ ಅರೆಗಳಿಗೆ ತೆರೆಯುತ್ತದೆ. ನೀರಿಗೆ ಇಳಿದಂತೆ ಹೊರಗಿನ ಒತ್ತಡ ಏರುತ್ತದೆ. 33 ಅಡಿ ಉಪ್ಪುನೀರಿನಲ್ಲಿ ಅದು ದಡದ ಮೇಲಿನದಕ್ಕಿಂತ ಎರಡು ಪಟ್ಟು. ನಾಳದ ಮೂಲಕ ಒಳಗೂ ಅಷ್ಟೇ ಒತ್ತಡದ ಗಾಳಿ ಸೇರಿದರೆ ತಮಟೆಗೆ ಏನೂ ಗೊತ್ತಾಗುವುದಿಲ್ಲ. ಸೇರದಿದ್ದರೆ ತಮಟೆ ಒಳಕ್ಕೆ ಬಾಗುತ್ತದೆ, ಕೋಣೆಯ ಗೋಡೆಯಿಂದ ದ್ರವ ಜಿನುಗುತ್ತದೆ, ಕೆಲವೊಮ್ಮೆ ರಕ್ತವೂ. ಗಾಳಿ ತುಂಬಬೇಕಾಗಿದ್ದ ಜಾಗವನ್ನು ನನ್ನ ಮೈಯೇ ತನ್ನ ನೀರು ಬಸಿದು ತುಂಬಿತ್ತು.

ಕಿವಿಗೆ ಆಳ ತಿಳಿಯುವುದಿಲ್ಲ, ಒಳಗು ಹೊರಗಿನ ಅಂತರ ಮಾತ್ರ ತಿಳಿಯುತ್ತದೆ. ನಮಗೆ ಇದು ಹೊಸದಾಗಿ ಕಂಡಿದ್ದೇ ಆಶ್ಚರ್ಯ. ಬೆಳಗ್ಗೆ ಎದ್ದು ಕನ್ನಂಬಾಡಿ ಕಟ್ಟೆಯಲ್ಲಿ ಎಷ್ಟು ಅಡಿ ನೀರು ಅಂತ ಕೇಳುವ ಜನ ನಾವು. ಕಟ್ಟೆ ತುಂಬಿದರೆ 124.80 ಎನ್ನುವುದು ನಮ್ಮ ಮಕ್ಕಳಿಗೂ ಬಾಯಿಪಾಠ. ಅಡಿ ಏರಿದರೆ ತಳದಲ್ಲಿ ಒತ್ತಡ ಏರುತ್ತದೆ ಎಂದು ಕೆರೆ ತೂಬಿನ ಹತ್ತಿರ ನಿಂತ ಯಾವ ನೀರುಗಂಟಿಗೂ ಗೊತ್ತು. ಕೆರೆ ತುಂಬಿದಾಗ ತೂಬಿನ ಬಿರಡೆಯನ್ನು ನೀರೇ ಅದುಮಿ ಹಿಡಿಯುತ್ತದೆ. ಒಬ್ಬ ಆಳಿಗೆ ಎತ್ತಲಾಗುವುದಿಲ್ಲ. ಕಿವಿಯ ನಾಳವೂ ಹಾಗೇ. ನಾಲ್ಕು ಅಡಿ ನೀರಿನಷ್ಟು ಒತ್ತಡದ ಅಂತರ ಉಳಿದುಬಿಟ್ಟರೆ ಅದರ ಮೆತ್ತನೆಯ ಬಾಯಿ ಬಿಗಿದುಕೊಳ್ಳುತ್ತದೆ. ಆಮೇಲೆ ನುಂಗಿದರೂ ತೆರೆಯದು. ಜೋರಾಗಿ ಊದಿದರೆ ಒಳಗಿವಿಗೇ ಪೆಟ್ಟಾಗಬಹುದು. ಇರುವುದು ಒಂದೇ ದಾರಿ, ಕೆಲವಡಿ ಮೇಲೆ ಹೋಗಿ ಅಂತರ ತಗ್ಗಿಸಿಕೊಂಡು ಮತ್ತೆ ಇಳಿಯುವುದು.

ಇನ್ನೂ ಒಂದಿದೆ. ನೀರು ಏರಿದರೆ ತಾನೇ ತೆರೆಯುವ ಬಾಗಿಲನ್ನು ವಿಶ್ವೇಶ್ವರಯ್ಯನವರು ರೂಪಿಸಿದ್ದರು, 1903ರಲ್ಲಿ ಪುಣೆಯ ಹತ್ತಿರದ ಖಡಕ್‌ವಾಸ್ಲಾದಲ್ಲಿ ಅದು ಮೊದಲು ಕೂತಿತು. ಕಿವಿಯ ಬಾಗಿಲು ಒಂದೇ ದಿಕ್ಕಿನಲ್ಲಿ ಹಾಗೆ. ಮೇಲೆ ಬರುವಾಗ ಒಳಗಿನ ಗಾಳಿ ಹಿಗ್ಗಿ ಸಾಮಾನ್ಯವಾಗಿ ತಾನೇ ದಾರಿ ಮಾಡಿಕೊಳ್ಳುತ್ತದೆ. ಇಳಿಯುವಾಗ ನಾವೇ ತೆರೆಯಬೇಕು, ನೋವಿಗೆ ಮುಂಚೆಯೇ, ಎರಡೆರಡು ಅಡಿಗೆ ಒಮ್ಮೆ. ಮೂಗು ಮುಚ್ಚಿ ಊದುವ ಕ್ರಮಕ್ಕೆ ವಾಲ್ಸಾಲ್ವನ ಹೆಸರಿದೆ. ಕಿವಿಯ ಬಗ್ಗೆ 1704ರಲ್ಲಿ ಪುಸ್ತಕ ಬರೆದ ಇಟಲಿಯ ವೈದ್ಯ ಆತ, ಕಿವಿಯ ಕೀವು ಹೊರಹಾಕಲು ಆ ಉಪಾಯ ಹೇಳಿದ್ದ. ಮೂಗು ಮುಚ್ಚಿ ನುಂಗುವ ಕ್ರಮಕ್ಕೂ ಒಬ್ಬ ಇಂಗ್ಲಿಷ್ ವೈದ್ಯನ ಹೆಸರಿದೆ. ನನಗೆ ಅದು ದೊಡ್ಡಪ್ಪನದು.

ಡಾಕ್ಟರು ಎಣ್ಣೆ ಬಿಡಬಾರದು ಎಂದರು. ತಮಟೆ ತೂತಾಗಿದ್ದರೆ ಹೊರಗಿನದು ಒಳಗೆ ಹೋಗಿ ಸೋಂಕಾಗುತ್ತದೆ. ಕಡ್ಡಿ, ಬಡ್ಸ್ ಬೇಡ, ಬಲವಾಗಿ ಊದುವುದು ಬೇಡ, ಪೂರ್ತಿ ವಾಸಿಯಾಗುವ ತನಕ ನೀರಿಗೆ ಇಳಿಯುವುದಂತೂ ಬೇಡವೇ ಬೇಡ. ತಲೆ ಸುತ್ತಿದರೆ, ಕೇಳುವುದು ತಟ್ಟನೆ ಕಡಿಮೆಯಾದರೆ, ಕಿವಿಯೊಳಗೆ ಒಂದೇ ಸಮ ಸದ್ದು ಬಂದರೆ ಒಂದು ದಿನವೂ ಕಾಯದೆ ಬರಬೇಕು. ನನಗೆ ಅದೇನೂ ಇರಲಿಲ್ಲ. ವಾರ, ಹತ್ತು ದಿನ ಬೇಕು ಅಂದರು.

ಆವತ್ತು ಅಪ್ಪನೂ ಜೊತೆಗೆ ಬಂದಿದ್ದರು. ಮಂಡ್ಯದಿಂದ ಮದ್ದೂರಿಗೆ ಬಂದು ಮಳವಳ್ಳಿ ಬಸ್ಸಿಗೆ ಕಾಯುತ್ತಾ ವಡೆ ತೆಗೆದುಕೊಂಡೆವು. ಗರಿಗರಿ ವಡೆ ಅಗಿದು ನುಂಗಿದಾಗಲೆಲ್ಲ ಎಡಗಿವಿಯಲ್ಲಿ ಪಟಪಟ ಸದ್ದು, ತೆರೆದಂತಾಗಿ ಮತ್ತೆ ಮುಚ್ಚುತ್ತಿತ್ತು. ನನ್ನ ತಲೆಯಲ್ಲಿ ತಡೆದುಕೊಳ್ಳುವ ವಿಚಾರವೇ ಓಡುತ್ತಿತ್ತು. ನಮ್ಮ ಮನೆಯಲ್ಲಿ ಅದನ್ನು ದೊಡ್ಡ ಗುಣವೆಂದು ಕಲಿಸಿದ್ದರು, ಕಲಿಸಿದವರು ಅಪ್ಪನೇ. ಕಬ್ಬಿನ ದುಡ್ಡು ಎರಡು ವರ್ಷ ಬಾರದೆ ಉಳಿದಾಗ ಅವರು ಮನೆಯಲ್ಲಿ ಉಸಿರೆತ್ತಿರಲಿಲ್ಲ. ಬಡ್ಡಿ ಅಸಲನ್ನು ಮೀರಿದ ಮೇಲೆ, ಗದ್ದೆ ಕೈಬಿಡುವ ಹಿಂದಿನ ವಾರ ನಮಗೆ ಗೊತ್ತಾಯಿತು. ಮೊದಲೇ ಹೇಳಬಾರದಿತ್ತಾ ಎಂದು ಆಗ ಕೂಗಾಡಿದ್ದೆ. ಎಂಟು ಅಡಿಯಲ್ಲಿ ಎಲ್ಲ ಸರಿ ಇದೆ ಅನ್ನುವ ಸನ್ನೆ ಮಾಡಿದ ನನಗೆ ಆ ಕೂಗಾಟ ನೆನಪಾಗಿ ತಲೆ ತಗ್ಗಿತು.

ಬಸ್ಸಿನಲ್ಲಿ ಅಪ್ಪ ನನ್ನ ಎಡಗಡೆ ಕಿಟಕಿಯ ಪಕ್ಕ ಕೂತರು. ಊರು ದಾಟಿ ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಹೊರಗೆ ನೋಡುತ್ತಲೇ ಅವರ ತುಟಿ ಅಲುಗುತ್ತಿದೆ. ನನಗೇ ಏನೋ ಹೇಳುತ್ತಿದ್ದರು, ಬಹಳ ಹೊತ್ತಿನಿಂದಲೇ ಇರಬೇಕು. ಅಂಥ ಮಾತನ್ನು ಅವರು ಮುಖ ನೋಡಿ ಆಡುವವರಲ್ಲ. ಸೊಸೈಟಿ ಅನ್ನುವ ಒಂದು ಪದ ಮಾತ್ರ ಮಡಕೆಯೊಳಗಿಂದ ಬಂದ ಹಾಗೆ ಕೇಳಿತು.

"ಆ ಕಿವಿ ಕೇಳ್ತಿಲ್ಲ ಕಣಪ್ಪ" ಅಂದೆ. ಎದ್ದು ಅವರನ್ನು ಈಚೆ ಸರಿಸಿ, ಕಿಟಕಿ ಪಕ್ಕ ನಾನು ಕೂತು, ಬಲಗಿವಿ ಅವರ ಕಡೆ ಮಾಡಿಕೊಂಡೆ.

"ಮೊದ್ಲಿಂದ ಹೇಳಿ."