ಗುಂಡು ತಾಗದ ನಾಯಕ, ಹೆಸರಿಲ್ಲದ ಕಾವಲುಗಾರ



ಕಳೆದ ದಶಲಕ್ಷಣ ಪರ್ವದ ಒಂದು ಸಂಜೆ ಚಿಂತಾಮಣಿಯ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಸ್ವಾಧ್ಯಾಯ ನಡೆದಿತ್ತು. ಹಿಂಸೆಯನ್ನು ತಾನೇ ಮಾಡುವುದು, ಪರರಿಂದ ಮಾಡಿಸುವುದು, ಮಾಡಿದ್ದನ್ನು ಕಂಡು ಮೆಚ್ಚುವುದು, ಅಂದರೆ ಕೃತ, ಕಾರಿತ, ಅನುಮೋದಿತ ಎಂಬ ಮೂರೂ ಕರ್ಮಾಸ್ರವಕ್ಕೆ ಕಾರಣವೆಂಬ ವಿಷಯ ಬಂದಿತು. ಆಗ ಪದವಿ ತರಗತಿಯಲ್ಲಿ ಓದುತ್ತಿರುವ ಆ ಮನೆಯ ಹುಡುಗನು, "ತಾತ, ಹಾಗಾದರೆ ಗೂಢಚಾರರ ಸಿನಿಮಾ ನೋಡಿ ಚಪ್ಪಾಳೆ ತಟ್ಟಿದರೂ ಪಾಪವೇ? ಅದೆಲ್ಲ ಸುಳ್ಳಲ್ಲವೇ? ಅಲ್ಲಿ ಯಾರೂ ನಿಜವಾಗಿ ಸಾಯುವುದಿಲ್ಲ. ನಾಯಕನಿಗೆ ಏನೂ ಆಗುವುದಿಲ್ಲವೆಂದು ನೋಡುವವರಿಗೆಲ್ಲ ಮೊದಲೇ ಗೊತ್ತಿರುತ್ತದೆ" ಎಂದು ಕೇಳಿದನು. ಹಿರಿಯರು ಕೆಲವರು ನಕ್ಕರು. ನನಗೆ ನಗು ಬರಲಿಲ್ಲ, ಉತ್ತರವೂ ಹೊಳೆಯಲಿಲ್ಲ.

ನಗು ಬಾರದಿರಲು ಕಾರಣವಿತ್ತು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ದೊರೈ-ಭಗವಾನ್ ಜೋಡಿಯ ನಿರ್ದೇಶನದಲ್ಲಿ 1968ರಲ್ಲಿ 'ಜೇಡರ ಬಲೆ' ತೆರೆಕಂಡಾಗ ನಾನಿನ್ನೂ ಚಿಕ್ಕ ಬಾಲಕ. ಡಾ. ರಾಜಕುಮಾರ್ ಅವರು ಸಿ.ಐ.ಡಿ. 999 ಆಗಿ ಕಾಣಿಸಿಕೊಂಡ ಆ ಚಿತ್ರವನ್ನು ಅನಂತರದ ವರ್ಷಗಳಲ್ಲಿ ಟೂರಿಂಗ್ ಟಾಕೀಸಿನ ನೆಲದ ಮೇಲೆ ಕುಳಿತು ನೋಡಿದೆ. ಅದೇ 1968ರಲ್ಲಿ 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' ಬಂದವು. 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಬಂದಾಗ ನಾನು ಬಿ.ಕಾಂ. ವಿದ್ಯಾರ್ಥಿ. 1962ರಲ್ಲಿ ಆರಂಭವಾದ ಜೇಮ್ಸ್ ಬಾಂಡ್ ಚಿತ್ರಗಳ ಮಾದರಿಯನ್ನು ಕನ್ನಡಕ್ಕೆ ತಂದ ಚಿತ್ರಗಳಿವು. ನಾಯಕನು ಶತ್ರುವಿನ ಅಡಗುತಾಣಕ್ಕೆ ನುಗ್ಗಿದಾಗ ನನ್ನ ಅಂಗೈ ಬೆವರುತ್ತಿತ್ತು. ಕಾವಲುಗಾರನೊಬ್ಬನು ಉರುಳಿ ಬಿದ್ದಾಗ ಕೈಗಳು ತಾವಾಗಿ ಚಪ್ಪಾಳೆ ತಟ್ಟುತ್ತಿದ್ದವು.

ಈಗ ವಿಚಾರ ಮಾಡೋಣ. ನಾಯಕನು ಸಾಯುವುದಿಲ್ಲವೆಂಬುದು ಟಿಕೇಟು ಕೊಳ್ಳುವಾಗಲೇ ನಮಗೆ ತಿಳಿದಿರುತ್ತದೆ. ಹತ್ತು ಬಂದೂಕುಗಳು ಒಮ್ಮೆಲೇ ಹಾರಿದರೂ ಒಂದು ಗುಂಡೂ ಅವನನ್ನು ತಾಗದು. ಅವನು ಹಾರಿಸಿದ ಒಂದೇ ಗುಂಡು ಗುರಿ ತಪ್ಪದು. ಇಂಥವನ ಅಜೇಯತೆಯನ್ನು ನಂಬುವುದಾದರೂ ಹೇಗೆ? ನಂಬದಿದ್ದರೆ ಅಂಗೈ ಬೆವರಿದ್ದೇಕೆ? ನನ್ನ ಅಲ್ಪಮತಿಗೆ ತೋರುವುದೇನೆಂದರೆ, ನಾವು ಅಂಜುವುದು ಅವನ ಪ್ರಾಣಕ್ಕಲ್ಲ, ಅವನು ಏನನ್ನು ಕಳೆದುಕೊಳ್ಳುವನೋ ಎಂದು. ಎಲ್ಲಿ ನಷ್ಟಕ್ಕೆ ಅವಕಾಶವಿದೆಯೋ ಅಲ್ಲಿ ನಂಬಿಕೆ ಹುಟ್ಟುತ್ತದೆ. 1969ರ ಬಾಂಡ್ ಚಿತ್ರದಲ್ಲಿ ಮದುವೆಯಾದ ದಿನವೇ ಅವನ ಪತ್ನಿ ಗುಂಡಿಗೆ ಬಲಿಯಾಗುತ್ತಾಳೆ. ಅವನ ದೇಹಕ್ಕೆ ಗಾಯವಿಲ್ಲ, ಆದರೆ ಅಂದು ಅವನು ಮನುಷ್ಯನಾಗಿ ಕಾಣುತ್ತಾನೆ. 1971ರ ಮುಂದಿನ ಚಿತ್ರದಲ್ಲಿ ಆ ಶೋಕದ ನೆರಳು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅವನು ಮತ್ತೆ ಬೊಂಬೆಯಾಗುತ್ತಾನೆ. 2006ರ 'ಕ್ಯಾಸಿನೊ ರಾಯಲ್' ಚಿತ್ರದಲ್ಲಿ ವಿಷಕ್ಕೆ ಗುರಿಯಾಗಿ, ಚಿತ್ರಹಿಂಸೆಗೆ ಸಿಕ್ಕಿ, ಪ್ರೀತಿಸಿದವಳನ್ನು ಕಳೆದುಕೊಂಡನು. 2021ರಲ್ಲಿ ಬಂದ ಇಪ್ಪತ್ತೈದನೆಯ ಚಿತ್ರದಲ್ಲಿ ಸತ್ತೇಹೋದನು. ಗಾಯವಾಗದವನ ಧೈರ್ಯಕ್ಕೆ ಬೆಲೆಯಿಲ್ಲವೆಂಬುದನ್ನು ಆ ಚಿತ್ರಗಳನ್ನು ತಯಾರಿಸುವವರೂ ಕಂಡುಕೊಂಡಂತಿದೆ.

ಈ ಮಾತಿಗೆ ನಮ್ಮ ನೆರೆಯಲ್ಲೇ ಸಾಕ್ಷಿಯಿದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ನಿಷೇಧಾಜ್ಞೆಯನ್ನು ಲೆಕ್ಕಿಸದೆ ರಾಷ್ಟ್ರಧ್ವಜಕ್ಕಾಗಿ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಲ್ಲಿ ಗುಂಡುಗಳು ಗುರಿ ತಪ್ಪಲಿಲ್ಲ. ನಿರಾಯುಧರಾಗಿ ನಿಂತಿದ್ದವರ ಮೈ ನಮ್ಮ ನಿಮ್ಮಂತೆ ಒಡೆಯುವ ಮೈ. ಆದ್ದರಿಂದಲೇ ಅವರ ಧೈರ್ಯವನ್ನು ಯಾರೂ ಸಂದೇಹಿಸುವುದಿಲ್ಲ. ತೆರೆಯ ನಾಯಕನಿಗೆ ಕಥೆಗಾರನು ಕೊಡುವ ವಜ್ರಕವಚ ಅವನ ಶೌರ್ಯವನ್ನು ಹೆಚ್ಚಿಸುವುದಿಲ್ಲ, ಕುಗ್ಗಿಸುತ್ತದೆ.

ಇಷ್ಟು ನಾಯಕನ ಮಾತಾಯಿತು. ಆದರೆ ಹುಡುಗನ ಪ್ರಶ್ನೆಗೆ ಉತ್ತರ ಇನ್ನೊಂದು ಕಡೆ ಇದೆ. ನಾನು ವ್ಯಾಪಾರಿ, ಶಿಡ್ಲಘಟ್ಟದ ಬಟ್ಟೆ ಅಂಗಡಿಯಲ್ಲಿ ನಾಲ್ಕು ದಶಕ ಲೆಕ್ಕ ಬರೆದವನು. ಜಮಾ ಬರೆದು ಖರ್ಚು ಬರೆಯದ ಪುಸ್ತಕ ಎಂದಿಗೂ ತಾಳೆಯಾಗದು. ಗೂಢಚಾರನ ಚಿತ್ರಗಳ ಲೆಕ್ಕದಲ್ಲಿ ಇಂಥದೇ ಒಂದು ಕೊರತೆಯುಂಟು. ನಾಯಕನ ತೋಳಿಗೆ ಸಣ್ಣ ಗೀರು ಬಿದ್ದರೂ ಅದನ್ನು ಹತ್ತಿರದಿಂದ ತೋರಿಸುತ್ತಾರೆ. ನಾಯಕಿ ಸೆರಗು ಹರಿದು ಕಟ್ಟುತ್ತಾಳೆ. ಬಾಗಿಲಲ್ಲಿ ನಿಂತಿದ್ದ ಕಾವಲುಗಾರನು ಒಂದು ಕ್ಷಣದಲ್ಲಿ ಬೀಳುತ್ತಾನೆ. ಅವನಿಗೆ ಹೆಸರಿಲ್ಲ, ಮುಖವೂ ಸರಿಯಾಗಿ ಕಾಣುವುದಿಲ್ಲ. ಸಂಬಳಕ್ಕೆ ನಿಂತಿದ್ದ ಅವನ ಮನೆಯಲ್ಲಿ ಯಾರಿದ್ದಾರೆಂದು ಕಥೆ ಕೇಳುವುದಿಲ್ಲ, ನಾವೂ ಕೇಳುವುದಿಲ್ಲ. ನಾಯಕನ ಅಜೇಯತೆಯ ಖರ್ಚೆಲ್ಲ ಅವನ ಹೆಸರಿಗೆ ಬೀಳಬೇಕಾದದ್ದು, ಎಲ್ಲಿಯೂ ಬರೆಯಲ್ಪಡದೆ ಹೋಗುತ್ತದೆ.

ಆದ್ದರಿಂದ ಎಲ್ಲ ಸುಳ್ಳೆಂಬ ಸಮಾಧಾನ ನಿಲ್ಲುವುದಿಲ್ಲ. ನಾಯಕನ ಗೀರೂ ಸುಳ್ಳೇ, ಕಾವಲುಗಾರನ ಸಾವೂ ಸುಳ್ಳೇ. ಒಂದೇ ಪರದೆಯ ಮೇಲಿನ ಎರಡು ಸುಳ್ಳುಗಳಲ್ಲಿ ಒಂದನ್ನು ನಂಬಿ ಮರುಗುತ್ತೇವೆ, ಇನ್ನೊಂದನ್ನು ನಂಬದೆ ನಲಿಯುತ್ತೇವೆ. ಹೀಗೆ ಆಯ್ದುಕೊಂಡದ್ದು ಯಾರು? ಕಥೆಗಾರನು ದಾರಿ ತೋರಿದನು, ನಿಜ, ನಡೆದವರು ನಾವು. ಚಿತ್ರ ಸುಳ್ಳಾಗಿರಬಹುದು, ಅದನ್ನು ನೋಡುವಾಗ ನಮ್ಮೊಳಗೆ ಉಂಟಾದ ಹರ್ಷ ಸುಳ್ಳಲ್ಲ. ಹಿಂಸೆಯಲ್ಲಿ ಆನಂದಪಡುವುದನ್ನು ನಮ್ಮ ಆಚಾರ್ಯರು ರೌದ್ರಧ್ಯಾನದಲ್ಲಿ ಸೇರಿಸಿದ್ದಾರೆ. ಬಂಧವನ್ನು ನಿರ್ಣಯಿಸುವುದು ಭಾವವೆಂದು ಒಪ್ಪಿದ ಮೇಲೆ, ಭಾವಕ್ಕೆ ನಿಮಿತ್ತವಾದ ವಸ್ತು ನಿಜವೋ ನೆರಳೋ ಎಂಬುದು ಎರಡನೆಯ ಮಾತು.

ಅಜೇಯ ನಾಯಕರ ಕಥೆ ನಮಗೆ ಹೊಸದೇನಲ್ಲ. ಅದೇ ಭವದಲ್ಲಿ ಮೋಕ್ಷ ಹೊಂದಲಿರುವ ಚರಮೋತ್ತಮ ದೇಹಿಗಳ ಆಯುಷ್ಯವನ್ನು ಶಸ್ತ್ರವಾಗಲಿ ವಿಷವಾಗಲಿ ನಡುವೆ ಕತ್ತರಿಸಲಾರದೆಂದು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯ ಹೇಳುತ್ತದೆ. ಭರತ ಮತ್ತು ಬಾಹುಬಲಿ ಇಬ್ಬರೂ ಅಂಥ ಚರಮಶರೀರಿಗಳು. ಎರಡು ಸೇನೆಗಳು ಎದುರುಬದುರಾಗಿ ನಿಂತಾಗ ಮಂತ್ರಿಗಳು ಮಾಡಿದ ಆಲೋಚನೆಯನ್ನು ಜಿನಸೇನಾಚಾರ್ಯರ ಆದಿಪುರಾಣದಲ್ಲಿ ನೋಡಬೇಕು. ಈ ಯುದ್ಧದಿಂದ ಅಣ್ಣತಮ್ಮಂದಿರಿಗೆ ಯಾವ ಹಾನಿಯೂ ಆಗದು, ಇವರ ನೆಪದಲ್ಲಿ ಸಾಯುವವರು ಇತರ ಜನ. ಆದ್ದರಿಂದ ಇವರಿಬ್ಬರೇ ಹೋರಾಡಲಿ ಎಂದು ಅವರು ನಿಶ್ಚಯಿಸಿದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಏರ್ಪಟ್ಟದ್ದು ಹಾಗೆ. ಸಾವಿಲ್ಲದ ನಾಯಕರ ಜಗಳಕ್ಕೆ ಬೆಲೆ ತೆರುವವರು ಹೆಸರಿಲ್ಲದ ಸೈನಿಕರೆಂಬುದನ್ನು ಆ ಮಂತ್ರಿಗಳು ಕಂಡರು.

ಮುಂದಿನದು ಎಲ್ಲರೂ ಬಲ್ಲ ಕಥೆ. ಮೂರರಲ್ಲೂ ಸೋತ ಭರತನು ಪ್ರಯೋಗಿಸಿದ ಚಕ್ರ ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ತೆರೆಯ ಗೂಢಚಾರನಾಗಿದ್ದರೆ ಇಲ್ಲಿ ಮುಗುಳ್ನಕ್ಕು ಒಂದು ಚುಟುಕು ಮಾತನಾಡುತ್ತಿದ್ದನು. ಬಾಹುಬಲಿಯ ಮೈಗೆ ಏನೂ ಆಗಲಿಲ್ಲ, ಮನಸ್ಸಿಗೆ ಆಯಿತು. ನೆಲಕ್ಕಾಗಿ ಅಣ್ಣನು ಇಲ್ಲಿಗೆ ಇಳಿದನಲ್ಲಾ ಎಂಬ ನೋವೇ ಅವನನ್ನು ವೈರಾಗ್ಯಕ್ಕೆ ತಿರುಗಿಸಿತು. ವರ್ಷಕಾಲ ನಿಂತು ತಪಸ್ಸು ಮಾಡಿದಾಗಲೂ ತನ್ನಿಂದ ಭರತನಿಗೆ ಕ್ಲೇಶವಾಯಿತೆಂಬ ಒಂದು ಎಳೆ ಅವನ ಹೃದಯದಲ್ಲಿ ಉಳಿದಿತ್ತು. ಗೆದ್ದವನನ್ನು ಕೊನೆಯವರೆಗೆ ಕಾಡಿದ್ದು ಸೋತವನ ನೋವು. ಈ ಅಜೇಯನನ್ನು ನಾವು ಸಾವಿರಾರು ವರ್ಷಗಳಿಂದ ನಂಬಿಕೊಂಡು ಬಂದಿರುವುದು ಚಕ್ರ ನಿಂತಿತೆಂಬುದಕ್ಕಾಗಿ ಮಾತ್ರವಲ್ಲ.

ಇನ್ನು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. 2000ನೆಯ ಇಸವಿಯ ಜುಲೈ 30ರ ರಾತ್ರಿ ಡಾ. ರಾಜಕುಮಾರ್ ಅವರನ್ನು ಗಾಜನೂರಿನ ಮನೆಯಿಂದ ವೀರಪ್ಪನ್ ಅಪಹರಿಸಿದನು. ತೆರೆಯ ಮೇಲೆ ಎಷ್ಟೋ ಅಡಗುತಾಣಗಳನ್ನು ಭೇದಿಸಿದ್ದ ಸಿ.ಐ.ಡಿ. 999 ಆಗ ಎಪ್ಪತ್ತೊಂದು ವರ್ಷದ ವೃದ್ಧರು. ಯಾವ ಗೂಢಚಾರನೂ ಕಾಡಿಗೆ ಹಾರಿ ಅವರನ್ನು ಬಿಡಿಸಿ ತರಲಿಲ್ಲ. ಸಂಧಾನದ ಮಾತುಕತೆಗಳು ನಡೆದು, 108 ದಿನಗಳ ಬಳಿಕ ನವೆಂಬರ್ 15ರಂದು ಬಿಡುಗಡೆಯಾಯಿತು. ಅಂಗಡಿಯ ಬಾಗಿಲು ಹಾಕಿ ರೇಡಿಯೋ ಮುಂದೆ ಕುಳಿತು ನಾನೂ ದಿನಗಳನ್ನು ಎಣಿಸಿದೆ. ಆ ಮೈಗೂ ನೋವಾಗುತ್ತದೆಂದು ನಂಬಲು ನಮಗೆ ಯಾವ ಪ್ರಯತ್ನವೂ ಬೇಕಾಗಲಿಲ್ಲ. ಆದರೆ ಆ ರಾತ್ರಿ ಅವರೊಂದಿಗೆ ಇನ್ನೂ ಮೂವರನ್ನು ಕಾಡಿಗೆ ಒಯ್ದಿದ್ದರು. ಆ ಮೂವರಿಗಾಗಿ ನಾನು ದಿನ ಎಣಿಸಿದ ನೆನಪಿಲ್ಲ. ಅವರ ಹೆಸರುಗಳನ್ನು ಪತ್ರಿಕೆಗಳಲ್ಲಿ ಓದಿದ್ದೆ, ಬೇಗನೆ ಮರೆತೆ. ಅವರಿಗೂ ಮನೆಗಳಿದ್ದವು, ಕಾಯುವವರಿದ್ದರು. ಚಿತ್ರಮಂದಿರದಲ್ಲಿ ಕಲಿತ ಲೆಕ್ಕವನ್ನು ನಾನು ಹೊರಗೂ ಬರೆದಿದ್ದೆ.

ಹುಡುಗನ ಪ್ರಶ್ನೆಯ ಮರ್ಮ ಇಲ್ಲಿದೆಯೆಂದು ತಿಳಿಯುತ್ತೇನೆ. ಕಥೆಯ ನಾಯಕನೊಬ್ಬನಿಗೆ ಮಾತ್ರ ನೋವಾಗುತ್ತದೆಂಬ ಅಭ್ಯಾಸ ಚಿತ್ರ ಮುಗಿದೊಡನೆ ನಮ್ಮನ್ನು ಬಿಟ್ಟುಹೋಗದು. ನಮ್ಮ ನಮ್ಮ ಕಥೆಗಳಲ್ಲಿ ನಾವೇ ನಾಯಕರು. ಅಂಗಡಿಯಲ್ಲಿ ಮೂಟೆ ಹೊರುವವನು, ಬಸದಿಯ ಅಂಗಳ ಗುಡಿಸುವವಳು, ಟ್ರಸ್ಟಿನ ಸಭೆಯಲ್ಲಿ ಮಾತು ಸೋತು ಸುಮ್ಮನೆ ಕುಳಿತವರು ನಮ್ಮ ಚಿತ್ರದ ಕಾವಲುಗಾರರಾಗಿಬಿಡುತ್ತಾರೆ.

ಬಿದ್ದವರೆಲ್ಲರಿಗೂ ಅಳುತ್ತ ಕುಳಿತರೆ ಕಥೆ ಸಾಗುವುದು ಹೇಗೆಂಬ ಆಕ್ಷೇಪವನ್ನು ನಾನು ಬಲ್ಲೆ. ಪುರಾಣಗಳಲ್ಲೂ ಯುದ್ಧಗಳಿವೆ. ಸಿನಿಮಾ ನೋಡಬಾರದೆಂದು ನಾನು ಹೇಳುತ್ತಿಲ್ಲ. ಹೇಳಿದರೆ ನನ್ನ ಮೊಮ್ಮಕ್ಕಳೇ ಕೇಳುವುದಿಲ್ಲ. ಕಾವಲುಗಾರನು ಬಿದ್ದಾಗ ತಟ್ಟಲು ಎತ್ತಿದ ಕೈಯನ್ನು ಒಂದು ಕ್ಷಣ ತಡೆದು, ಅವನಿಗೂ ಒಂದು ಹೆಸರಿರಬೇಕೆಂದು ನೆನೆದರೆ ಸಾಕು. ಅಷ್ಟು ಗೃಹಸ್ಥರಾದ ನಮ್ಮ ಶಕ್ತಿಯೊಳಗಿನ ಮಾತು.

ಕ್ಷಮಾವಣಿಯ ದಿನ ಆ ಹುಡುಗನು ಮತ್ತೆ ಸಿಕ್ಕಾಗ ಇದನ್ನೇ ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಹಾಗೆ ನೋಡಿದರೆ ಸಿನಿಮಾದ ಮಜಾ ಕೆಡುತ್ತದಲ್ಲ, ತಾತ" ಎಂದನು. ಕೆಡುತ್ತದೆಯಪ್ಪಾ, ಸ್ವಲ್ಪ ಕೆಟ್ಟೇ ಕೆಡುತ್ತದೆ, ಕೆಡಲಿ ಎಂದೆ.